ಪೈಥಾನ್ 2ರಿಂದ 3ಕ್ಕೆ: ಪ್ರೋಗ್ರಾಂ ಓಡುತ್ತದೆ, ಬಟವಾಡೆ ತಪ್ಪುತ್ತದೆ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.0 ಆವೃತ್ತಿ ಬಂದದ್ದು 2008ರ ಡಿಸೆಂಬರ್ 3ರಂದು. ಪೈಥಾನ್ 2ರ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಆ ಸಾಲಿನ ಕೊನೆಯ ಆವೃತ್ತಿಯಾದ 2.7.18 ಅದೇ ವರ್ಷದ ಏಪ್ರಿಲ್‌ನಲ್ಲಿ ಹೊರಬಂತು. ಇಷ್ಟಾದರೂ ಮೇಜಿನ ಕೆಳಗೆ ಧೂಳು ತಿನ್ನುತ್ತಾ 2.7 ಓಡಿಸುತ್ತಿರುವ ಕಂಪ್ಯೂಟರ್‌ಗಳಿಗೆ ಬರವಿಲ್ಲ. ಅವುಗಳ ಒಡೆಯರಿಗೆ ಅವಸರ ಹುಟ್ಟುವುದು ಆಪರೇಟಿಂಗ್ ಸಿಸ್ಟಂ ಕೈಕೊಟ್ಟಾಗ. ಸೆಂಟ್‌ಒಎಸ್ 7 ತನ್ನ ಜೊತೆಗೇ ಪೈಥಾನ್ 2.7.5 ಹೊತ್ತು ತಂದಿತ್ತು. ಅದರ ಅವಧಿ 2024ರ ಜೂನ್ 30ಕ್ಕೆ ಮುಗಿಯಿತು. ಆಪಲ್ 2022ರಲ್ಲಿ ಮ್ಯಾಕ್‌ಒಎಸ್ 12.3ರಿಂದ ಪೈಥಾನ್ 2 ಅನ್ನು ಕಿತ್ತುಹಾಕಿತು. ಹಾಗಾಗಿ 2ರಿಂದ 3ಕ್ಕೆ ವಲಸೆ ಎಂಬುದು ಯಾರೂ ಆಸೆಪಟ್ಟು ಮಾಡುವ ಕೆಲಸವಾಗಿ ಉಳಿದಿಲ್ಲ. ಗತ್ಯಂತರವಿಲ್ಲದೆ, ಬಹುತೇಕ ಬೇರೆ ಯಾರೋ ಬರೆದಿಟ್ಟ ಕೋಡಿನ ಮೇಲೆ ಮಾಡುವ ಕೆಲಸ ಅದು.

ವಲಸೆಯ ಮಾರ್ಗದರ್ಶಿಗಳಲ್ಲಿ ಹೆಚ್ಚಿನವು ಪ್ರಿಂಟ್‌ಗೆ ಆವರಣ ಹಾಕುವುದರಿಂದ ಶುರುವಾಗಿ ಅಲ್ಲೇ ಮುಗಿಯುತ್ತವೆ. ಪ್ರೋಗ್ರಾಂ ಎರರ್ ಕೊಟ್ಟು ನಿಂತರೆ ಅದು ಅಗ್ಗದ ದೋಷ: ಸಾಲಿನ ಸಂಖ್ಯೆಯನ್ನೂ ಅದೇ ಹೇಳಿಬಿಡುತ್ತದೆ. ದುಬಾರಿ ದೋಷಗಳು ಸದ್ದು ಮಾಡುವುದಿಲ್ಲ. ಪ್ರೋಗ್ರಾಂ ಓಡುತ್ತದೆ, ವರದಿ ಬರುತ್ತದೆ, ಸಂಖ್ಯೆ ಮಾತ್ರ ಬೇರೆಯಾಗಿರುತ್ತದೆ. ಈ ಕೈಪಿಡಿಯ ಹೆಚ್ಚಿನ ಜಾಗವನ್ನು ಅವುಗಳಿಗೇ ಕೊಟ್ಟಿದ್ದೇನೆ.

ಉದಾಹರಣೆಗೆ ಹಾಲು ಉತ್ಪಾದಕರ ಸಂಘವೊಂದರ ಬಟವಾಡೆ ಪ್ರೋಗ್ರಾಂ ಇಟ್ಟುಕೊಳ್ಳೋಣ. ಬೆಳಿಗ್ಗೆ, ಸಂಜೆ ಹಾಕಿದ ಹಾಲಿನ ಲೀಟರ್, ಅದರ ಫ್ಯಾಟ್, ಕನ್ನಡದಲ್ಲಿ ಸದಸ್ಯರ ಹೆಸರು, ಹದಿನೈದು ದಿನಕ್ಕೊಮ್ಮೆ ಚೀಟಿ. ಕೆಳಗೆ ಬರುವ ದರಗಳೆಲ್ಲ ವಿವರಣೆಗಾಗಿ ಕಲ್ಪಿಸಿಕೊಂಡವು.

ಓಡುತ್ತಿರುವುದು ಯಾವ ಪೈಥಾನ್?

ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಬೇಡಿ. ಒಂದೇ ಯಂತ್ರದಲ್ಲಿ 2.7, 3.6, ಯಾರೋ ಕೈಯಾರೆ ಹಾಕಿದ 3.11 ಮೂರೂ ಇರುವುದು ಸಾಮಾನ್ಯ. ಟರ್ಮಿನಲ್‌ನಲ್ಲಿ ‘ಪೈಥಾನ್’ ಎಂದರೆ ಒಂದು, ನಿಗದಿತ ಸಮಯಕ್ಕೆ ಪ್ರೋಗ್ರಾಂ ಓಡಿಸುವ ಕ್ರಾನ್‌ನಲ್ಲಿ ಅದೇ ಹೆಸರಿಗೆ ಇನ್ನೊಂದು, ಕಡತದ ಮೊದಲ ಸಾಲಿನಲ್ಲಿ ಬರೆದಿರುವುದು ಮತ್ತೊಂದು. ಪ್ರೋಗ್ರಾಂ ಶುರುವಾದ ತಕ್ಷಣ ತನ್ನ ಆವೃತ್ತಿ, ತನ್ನನ್ನು ಓಡಿಸುತ್ತಿರುವ ಪೈಥಾನ್‌ನ ಪೂರ್ಣ ದಾರಿ, ಕಡತಗಳಿಗೆ ಬಳಸುವ ಡಿಫಾಲ್ಟ್ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಕ್ರಮ) ಈ ಮೂರನ್ನೂ ಲಾಗ್‌ಗೆ ಬರೆಯುವಂತೆ ಮಾಡಿ. ಮೂರು ಸಾಲಿನ ಈ ಕೆಲಸ ಅರ್ಧ ದಿನದ ವಾದವನ್ನು ಉಳಿಸುತ್ತದೆ.

ಹಳೆಯ ಉತ್ತರವನ್ನು ಎತ್ತಿಟ್ಟುಕೊಳ್ಳಿ

ಒಂದು ಅಕ್ಷರ ತಿದ್ದುವ ಮುನ್ನ ಹಳೆಯ ಯಂತ್ರದಲ್ಲಿ, ಹಳೆಯ ಪೈಥಾನ್‌ನಲ್ಲಿ, ನಿಜವಾದ ದತ್ತಾಂಶದ ಮೇಲೆ ಪ್ರೋಗ್ರಾಂ ಓಡಿಸಿ ಎಲ್ಲ ಫಲಿತಾಂಶಗಳನ್ನೂ ಉಳಿಸಿಕೊಳ್ಳಿ: ಚೀಟಿಗಳು, ಒಟ್ಟು ಮೊತ್ತದ ಪಟ್ಟಿ, ಬ್ಯಾಂಕಿಗೆ ಹೋಗುವ ಕಡತ, ಡೇಟಾಬೇಸಿನ ಪ್ರತಿ. ಒಂದು ಬಟವಾಡೆ ಸಾಲದು. ಫ್ಯಾಟ್ ದಾಖಲಾಗದ ದಿನ, ಹಾಲು ಹಾಕದ ಸದಸ್ಯರು, ದರ ಬದಲಾದ ವಾರ ಎಲ್ಲವೂ ಸೇರಿರುವಂತೆ ಹಿಂದಿನ ಕೆಲವು ಬಟವಾಡೆಗಳನ್ನು ಆರಿಸಿ. ಹೊಸದರ ಫಲಿತಾಂಶವನ್ನು ಇದರ ಜೊತೆ ಸಾಲು ಸಾಲಾಗಿ ಹೋಲಿಸುವ ಸಣ್ಣ ಸ್ಕ್ರಿಪ್ಟ್ ಇಲ್ಲದಿದ್ದರೆ ನೀವು ದೋಷ ಹುಡುಕುತ್ತಿಲ್ಲ, ಸದಸ್ಯರೊಬ್ಬರು ಬಂದು ಜಗಳ ತೆಗೆಯಲಿ ಎಂದು ಕಾಯುತ್ತಿದ್ದೀರಿ.

ಪರೀಕ್ಷೆಗಳನ್ನು ಬರೆದಿಟ್ಟಿರುವ ಕೋಡು ನಿಮ್ಮ ಕೈಗೆ ಬಂದಿದ್ದರೆ ನೀವು ಪುಣ್ಯವಂತರು. ಆದರೂ ಈ ಹೋಲಿಕೆ ಬೇಕು. ಪರೀಕ್ಷೆ ಬರೆದವರು ನಂಬಿದ್ದನ್ನು ಪರೀಕ್ಷೆ ನೋಡುತ್ತದೆ. ಪ್ರೋಗ್ರಾಂ ಇಷ್ಟು ವರ್ಷ ನಿಜವಾಗಿ ಏನು ಮಾಡುತ್ತಿತ್ತು ಎಂಬುದು ಹಳೆಯ ಫಲಿತಾಂಶದಲ್ಲಿದೆ.

ಕೂಗುವ ದೋಷಗಳು

ಇವುಗಳನ್ನು ಬೇಗ ದಾಟೋಣ. ‘ಸಿಂಟ್ಯಾಕ್ಸ್ ಎರರ್’ ಬಂದರೆ ಸಾಮಾನ್ಯವಾಗಿ ಆವರಣವಿಲ್ಲದ ಪ್ರಿಂಟ್, ‘ಎಕ್ಸೆಪ್ಟ್’ ಸಾಲಿನಲ್ಲಿ ‘ಆ್ಯಸ್’ ಬದಲು ಅಲ್ಪವಿರಾಮ, ಅಥವಾ ಸೊನ್ನೆಯಿಂದ ಶುರುವಾಗುವ ಹಳೆಯ ಆಕ್ಟಲ್ ಸಂಖ್ಯೆ. ‘ಟ್ಯಾಬ್ ಎರರ್’ ಬಂದರೆ ಒಂದೇ ಬ್ಲಾಕಿನಲ್ಲಿ ಟ್ಯಾಬ್ ಮತ್ತು ಸ್ಪೇಸ್ ಎರಡನ್ನೂ ಬೆರೆಸಿದ್ದಾರೆ. ಮಾಡ್ಯೂಲ್ ಸಿಗಲಿಲ್ಲ ಎಂದರೆ ಒಂದೋ ಅದರ ಹೆಸರು ಬದಲಾಗಿದೆ, ಇಲ್ಲವೇ ಪಕ್ಕದ ಕಡತವನ್ನು ಬರೀ ಹೆಸರಿನಿಂದ ಇಂಪೋರ್ಟ್ ಮಾಡಿದ್ದಾರೆ. 3ರಲ್ಲಿ ಪ್ಯಾಕೇಜಿನೊಳಗೆ ಅದು ನಡೆಯುವುದಿಲ್ಲ, ಚುಕ್ಕಿ ಹಾಕಿ ಹೇಳಬೇಕು.

ಇವುಗಳಲ್ಲಿ ಹೆಚ್ಚಿನದನ್ನು ‘2ಟು3’ ಎಂಬ ಉಪಕರಣ ತಾನೇ ತಿದ್ದುತ್ತದೆ. 3.13ರಿಂದ ಅದನ್ನು ತೆಗೆದುಹಾಕಿದ್ದಾರೆ, 3.12 ಅಥವಾ ಅದಕ್ಕೂ ಹಳೆಯದನ್ನು ಒಂದು ಕಡೆ ಹಾಕಿಕೊಂಡು ಅಲ್ಲಿಂದ ಓಡಿಸಿ. ಆದರೆ ಅದು ಭಾಗಾಕಾರವನ್ನು ಮುಟ್ಟುವುದಿಲ್ಲ. ಯಾವುದು ಬೈಟ್, ಯಾವುದು ಪಠ್ಯ ಎಂದು ತೀರ್ಮಾನಿಸುವ ಬುದ್ಧಿಯೂ ಅದಕ್ಕಿಲ್ಲ. ಅಂದರೆ ಹಣ ಮತ್ತು ಹೆಸರು ಎರಡನ್ನೂ ಅದು ನಿಮ್ಮ ತಲೆಗೇ ಕಟ್ಟುತ್ತದೆ.

ಎರಡೂ ಕಡೆ ಓಡುವ ಕೋಡು ಬೇಕಿದ್ದರೆ ‘ಸಿಕ್ಸ್’ ಲೈಬ್ರರಿ ಇದೆ. ಸಣ್ಣ ಪ್ರೋಗ್ರಾಮಿಗೆ ನಾನು ಅದನ್ನು ಸೂಚಿಸುವುದಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟ ಕೋಡು ಎಷ್ಟೋ ಕಡೆ ಹಾಗೆಯೇ ನಿಂತುಹೋಗಿದೆ.

ಕನ್ನಡ ಅಕ್ಷರ ಕೆಟ್ಟಾಗ

ಪೈಥಾನ್ 2ರಲ್ಲಿ ಸಾಮಾನ್ಯ ಸ್ಟ್ರಿಂಗ್ ಎಂದರೆ ಬೈಟ್‌ಗಳ ಸಾಲು. 3ರಲ್ಲಿ ಸ್ಟ್ರಿಂಗ್ ಎಂದರೆ ಯೂನಿಕೋಡ್ ಅಕ್ಷರಗಳ ಸಾಲು. ಬೈಟ್‌ಗಳಿಗೆ ಬೇರೆಯೇ ಟೈಪ್. ಇಂಗ್ಲಿಷ್ ಮಾತ್ರ ಬಳಸುವವರಿಗೆ ಈ ವ್ಯತ್ಯಾಸ ತಿಂಗಳುಗಟ್ಟಲೆ ಕಾಣಿಸದೇ ಇರಬಹುದು. ನಮಗೆ ಮೊದಲ ಹೆಸರಿನಲ್ಲೇ ಕಾಣಿಸುತ್ತದೆ. ಯೂನಿಕೋಡನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಕೋಡ್ ಪಾಯಿಂಟ್‌ಗೂ (ಯೂನಿಕೋಡ್ ಸಂಖ್ಯೆ ಇರುವ ಒಂದೊಂದು ಅಕ್ಷರ ಅಥವಾ ಚಿಹ್ನೆಗೂ) 3 ಬೈಟ್. ‘ಮಂಜುನಾಥ’ ಎಂಬ ಹೆಸರಿನಲ್ಲಿ ಮ, ಅನುಸ್ವಾರ, ಜ, ಉಕಾರದ ಕೊಂಬು, ನ, ದೀರ್ಘ, ಥ ಹೀಗೆ 7 ಕೋಡ್ ಪಾಯಿಂಟ್, ಬೈಟ್‌ಗಳು 21. ಅದರ ಉದ್ದ ಕೇಳಿದರೆ ಪೈಥಾನ್ 2 ಹೇಳುವುದು 21, ಪೈಥಾನ್ 3 ಹೇಳುವುದು 7.

ಇದರ ಮೊದಲ ಲಕ್ಷಣ ಚೀಟಿಯ ಮೇಲೆ. ಹೆಸರಿನ ಕಾಲಂ ಅಂಕುಡೊಂಕಾಗಿ, ಮೊತ್ತ ಬಲಕ್ಕೆ ಸರಿದು ಕಾಗದದಿಂದ ಆಚೆ ಹೋಗಿರುತ್ತದೆ. ಹಳೆಯ ಕೋಡಿನಲ್ಲಿ ಹೆಸರಿನ ಅಗಲ 60 ಎಂದು ಬರೆದಿರುವುದನ್ನು ನೋಡುತ್ತೀರಿ. 20 ಅಕ್ಷರದ ಜಾಗಕ್ಕೆ ಮೂರು ಪಟ್ಟು ಹಾಕಿ ಯಾರೋ ಆಗ ಸರಿದೂಗಿಸಿದ್ದರು. 3ರಲ್ಲಿ ಅದು ನಿಜವಾಗಿಯೂ 60 ಆಗಿ ಹಿಗ್ಗಿದೆ. 20ಕ್ಕೆ ಇಳಿಸಿ. ಆದರೂ ಕಾಲಂ ಪೂರ್ತಿ ನೇರವಾಗುವುದಿಲ್ಲ, ಏಕೆಂದರೆ ಒತ್ತಕ್ಷರ ಮತ್ತು ಗುಣಿತದ ಚಿಹ್ನೆಗಳು ಕಾಗದದ ಮೇಲೆ ಪ್ರತ್ಯೇಕ ಜಾಗ ತಿನ್ನುವುದಿಲ್ಲ. ಅದು ವಲಸೆಯ ದೋಷವಲ್ಲ, ಕನ್ನಡ ಮುದ್ರಣದ ಹಳೆಯ ತಾಪತ್ರಯ. ಅದನ್ನು ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಡಿ.

ಎರಡನೆಯ ಲಕ್ಷಣ ವಿಂಡೋಸ್‌ನಲ್ಲಿ ಬರುವಂಥದ್ದು, ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ‘ಯೂನಿಕೋಡ್ ಡಿಕೋಡ್ ಎರರ್’ ಬರುತ್ತದೆ, ಅದರಲ್ಲಿ ‘ಚಾರ್‌ಮ್ಯಾಪ್’ ಎಂಬ ಪದವಿರುತ್ತದೆ. ವಿಚಿತ್ರವೆಂದರೆ ಕೆಲವು ಊರುಗಳ ಕಡತ ತೆರೆಯುತ್ತದೆ, ಕೆಲವು ತೆರೆಯುವುದಿಲ್ಲ. ಕಾರಣ ಇಷ್ಟೇ: ಕಡತವನ್ನು ತೆರೆಯುವಾಗ ಎನ್‌ಕೋಡಿಂಗ್ ಹೇಳದಿದ್ದರೆ ಪೈಥಾನ್ 3 ವಿಂಡೋಸಿನ ಸ್ಥಳೀಯ ಕೋಡ್ ಪೇಜನ್ನು (ಯಾವ ಬೈಟ್ ಯಾವ ಅಕ್ಷರ ಎಂಬ ಪಟ್ಟಿಯನ್ನು) ಹಿಡಿಯುತ್ತದೆ, ನಮ್ಮಲ್ಲಿನ ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ 1252. ಆ ಕೋಡ್ ಪೇಜಿನಲ್ಲಿ 129, 141, 143, 144, 157 ಎಂಬ ಐದು ಬೈಟ್‌ಗಳಿಗೆ ಅರ್ಥವೇ ಇಲ್ಲ. ಕನ್ನಡದ ಉಕಾರದ ಕೊಂಬು ಯುಟಿಎಫ್-8ರಲ್ಲಿ 224, 179, 129. ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ 224, 179, 141. ಏ, ಐ, ಝ ಅಕ್ಷರಗಳ ಕೊನೆಯ ಬೈಟ್‌ಗಳು 143, 144, 157. ಆದ್ದರಿಂದ ‘ರಮೇಶ’ ಸದ್ದಿಲ್ಲದೆ ಕಸವಾಗಿ ಒಳಗೆ ಬರುತ್ತಾನೆ. ಕೊಂಬಿರುವ ‘ಮಂಜುನಾಥ’, ಒತ್ತಿರುವ ‘ಕೃಷ್ಣ’ ಬಾಗಿಲಲ್ಲೇ ಎರರ್ ಕೊಟ್ಟು ನಿಲ್ಲುತ್ತಾರೆ. ಎರರ್ ಸಂದೇಶದಲ್ಲಿ ಹೆಕ್ಸ್ ಸಂಖ್ಯೆಯಾಗಿ ಕಾಣುವ ಬೈಟ್ ದಶಮಾನದಲ್ಲಿ 129 ಅಥವಾ 141 ಆಗಿದ್ದರೆ ಇನ್ನು ಹುಡುಕುವ ಅಗತ್ಯವಿಲ್ಲ: ಕಡತ ಸರಿಯಾಗಿದೆ, ತೆರೆದ ರೀತಿ ತಪ್ಪು. ಕಡತ ತೆರೆಯುವ ಪ್ರತಿ ಕಡೆಯೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ. ಎಲ್ಲೆಲ್ಲಿ ಬರೆದಿಲ್ಲ ಎಂದು ಕಂಡುಹಿಡಿಯಲು 3.10ರಿಂದ ‘ವಾರ್ನ್ ಡಿಫಾಲ್ಟ್ ಎನ್‌ಕೋಡಿಂಗ್’ ಎಂಬ ಆಯ್ಕೆ ಇದೆ.

ಕಸವಾಗಿ ಒಳಗೆ ಬಂದದ್ದನ್ನು ಕಣ್ಣಿನಿಂದಲೇ ಗುರುತಿಸಬಹುದು. ಕನ್ನಡದ ಪ್ರತಿ ಅಕ್ಷರವೂ 224ರಿಂದ ಶುರುವಾಗಿ ಎರಡನೆಯ ಬೈಟ್ 178 ಅಥವಾ 179 ಆಗಿರುವುದರಿಂದ, ತಪ್ಪು ಕೋಡ್ ಪೇಜಿನಲ್ಲಿ ಅದು ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ ಸಣ್ಣ ‘ಎ’, ಅದರ ಪಕ್ಕ ಮೇಲೆತ್ತಿ ಬರೆದ ² ಅಥವಾ ³ ಆಗಿ ಕಾಣುತ್ತದೆ. ಪರದೆಯ ತುಂಬ ವರ್ಗ, ಘನದ ಗುರುತುಗಳು ಚೆಲ್ಲಿದ್ದರೆ ಅದು ಕೆಟ್ಟ ಕನ್ನಡವೇ. ಅದನ್ನು ಉಳಿಸಿಬಿಟ್ಟಿದ್ದರೆ 3 ಬೈಟ್‌ನ ಅಕ್ಷರ 6 ಅಥವಾ 7 ಬೈಟ್ ಆಗಿ ಕಡತದ ಗಾತ್ರ ಇಮ್ಮಡಿಯಾಗಿರುತ್ತದೆ. ಹೆದರಬೇಡಿ, ಇದು ಹಿಂದಕ್ಕೆ ತಿರುಗಿಸಬಹುದಾದ ಗಾಯ: ಆ ಪಠ್ಯವನ್ನು 1252ಕ್ಕೆ ಎನ್‌ಕೋಡ್ ಮಾಡಿ, ಬಂದ ಬೈಟ್‌ಗಳನ್ನು ಯುಟಿಎಫ್-8 ಎಂದು ಡಿಕೋಡ್ ಮಾಡಿದರೆ ಹೆಸರು ವಾಪಸ್ ಬರುತ್ತದೆ.

ಇದೇ ಜಾತಿಯಂತೆ ಕಾಣುವ, ಆದರೆ ಬೇರೆಯೇ ಆದ ಮೂರನೆಯದೊಂದಿದೆ. ಗೀಟಿರುವುದು ಸಣ್ಣ ‘ಎ’ ಅಲ್ಲದೆ ದೊಡ್ಡ ‘ಎ’, ಅದರ ಅಕ್ಕಪಕ್ಕ ಸಾಮಾನ್ಯ ಇಂಗ್ಲಿಷ್ ಅಕ್ಷರಗಳು ಮತ್ತು ಪೌಂಡ್ ಚಿಹ್ನೆ. ಇದು ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಾಲದ ಫಾಂಟ್ ಆಧಾರಿತ ಪಠ್ಯ. ಯೂನಿಕೋಡ್ ಎಂದೂ ಆಗಿರಲಿಲ್ಲ. ಪೈಥಾನ್ 2 ಅದನ್ನು ಬರೀ ಬೈಟ್ ಎಂದು ಭಾವಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿತ್ತು, ಮುದ್ರಕದಲ್ಲಿ ನುಡಿ ಫಾಂಟ್ ಇದ್ದುದರಿಂದ ಎಲ್ಲವೂ ಚೆನ್ನಾಗಿತ್ತು. 3ರಲ್ಲಿ ಯುಟಿಎಫ್-8 ಎಂದು ತೆರೆದ ಕೂಡಲೇ ‘ಇನ್‌ವ್ಯಾಲಿಡ್ ಸ್ಟಾರ್ಟ್ ಬೈಟ್’ ಎಂಬ ದೂರು ಬರುತ್ತದೆ. ಸಾಮಾನ್ಯವಾಗಿ ದೂರು 192ರ ಮೇಲೆ, ಏಕೆಂದರೆ ಆ ದೊಡ್ಡ ‘ಎ’ಯ ಸಂಖ್ಯೆ ಅದು, ಯುಟಿಎಫ್-8ರಲ್ಲಿ 192 ಎಂಬ ಬೈಟ್ ಎಲ್ಲಿಯೂ ಬರುವಂತಿಲ್ಲ. ಇಲ್ಲಿ ಎನ್‌ಕೋಡಿಂಗ್ ಹೆಸರು ಬದಲಿಸಿ ಪ್ರಯೋಜನವಿಲ್ಲ. ಕಡತವನ್ನು ಲ್ಯಾಟಿನ್-1 ಎಂದು ತೆರೆದು ಬೈಟ್‌ಗಳನ್ನು ಹಾಗೇ ಉಳಿಸಿಕೊಂಡು, ಆಮೇಲೆ ನುಡಿಯಿಂದ ಯೂನಿಕೋಡ್‌ಗೆ ಮಾಡುವ ಪರಿವರ್ತಕದ ಮೂಲಕ ಹಾಯಿಸಬೇಕು. ಇದನ್ನು ಪೈಥಾನ್ ವಲಸೆಯ ಮುಂಚೆಯೇ, ಪ್ರತ್ಯೇಕ ಕೆಲಸವಾಗಿ ಮುಗಿಸುವುದು ಜಾಣತನ.

ನಾಲ್ಕನೆಯದು ಡೇಟಾಬೇಸಿನಲ್ಲಿ ಸಿಗುತ್ತದೆ: ಹೆಸರಿನ ಬದಲು ಇಂಗ್ಲಿಷಿನ ಸಣ್ಣ ‘ಬಿ’, ಉದ್ಧರಣ ಚಿಹ್ನೆ, ಅದರೊಳಗೆ ಓರೆಗೀಟುಗಳ ಮಾಲೆ. ಯಾರೋ ಬೈಟ್‌ಗಳನ್ನು ‘ಎಸ್‌ಟಿಆರ್’ ಮೂಲಕ ಪಠ್ಯ ಮಾಡಲು ಹೋಗಿದ್ದಾರೆ. 2ರಲ್ಲಿ ಅದು ನಿರಪಾಯಕಾರಿ. 3ರಲ್ಲಿ ಅದು ಬೈಟ್‌ಗಳ ತೋರಿಕೆಯನ್ನೇ ಪಠ್ಯವಾಗಿ ಬರೆದುಬಿಡುತ್ತದೆ, ಎರರ್ ಇಲ್ಲದೆ. ಇದರ ಅಣ್ಣನೆಂದರೆ ಹೋಲಿಕೆ: 3ರಲ್ಲಿ ಒಂದು ಬೈಟ್ ಸಾಲು ಮತ್ತು ಒಂದು ಪಠ್ಯ ನೋಡಲು ಒಂದೇ ಆಗಿದ್ದರೂ ಸಮ ಎಂದು ಎಂದಿಗೂ ಬರುವುದಿಲ್ಲ. ಡಿಕ್ಷನರಿಯಲ್ಲಿ ಇರುವ ಸದಸ್ಯ ‘ಸಿಗಲಿಲ್ಲ’ ಎಂದಾಗುತ್ತದೆ, ಅವನಿಗೆ ಹೊಸ ಖಾತೆ ತೆರೆದುಕೊಳ್ಳುತ್ತದೆ. ಇವೆರಡಕ್ಕೂ ಒಂದೇ ಬಲೆ. ಪೈಥಾನ್ ಅನ್ನು ‘-ಬಿಬಿ’ ಆಯ್ಕೆಯೊಂದಿಗೆ ಓಡಿಸಿದರೆ ಈ ಮೌನ ದೋಷಗಳಲ್ಲಿ ಹೆಚ್ಚಿನವು ಎರರ್ ಆಗಿ ಕೂಗತೊಡಗುತ್ತವೆ. ಪರೀಕ್ಷೆಯ ಅವಧಿಯಲ್ಲಿ ಅದಿಲ್ಲದೆ ಓಡಿಸಲೇಬೇಡಿ.

ಸರಿಪಡಿಸುವಾಗ ಪಾಲಿಸಬೇಕಾದ ಕ್ರಮ ಸರಳ. ಹೊರಗಿನಿಂದ ಬರುವ ಕಡತ, ಸಾಕೆಟ್, ತೂಕದ ಯಂತ್ರದ ಸೀರಿಯಲ್ ಪೋರ್ಟ್ ಎಲ್ಲವೂ ಬೈಟ್ ಕೊಡುತ್ತವೆ. ಅಲ್ಲೇ, ಹೊಸ್ತಿಲಲ್ಲೇ ಡಿಕೋಡ್ ಮಾಡಿ. ಒಳಗೆ ಪಠ್ಯ ಮಾತ್ರ ಓಡಾಡಲಿ. ಹೊರಗೆ ಹೋಗುವಾಗ ಎನ್‌ಕೋಡ್ ಮಾಡಿ. ಎರರ್ ಬಂದ ಸಾಲಿನಲ್ಲೇ ಒಂದು ಡಿಕೋಡ್ ತುರುಕಿ ಮುಂದೆ ಹೋಗುವ ಅಭ್ಯಾಸವೇ ದೋಷವನ್ನು ಕೋಡಿನ ತುಂಬ ಹರಡುವುದು. ಇನ್ನು ‘ಇಗ್ನೋರ್’ ಎಂಬ ಆಯ್ಕೆ ಕೊಟ್ಟು ಎರರ್ ಬಾಯಿ ಮುಚ್ಚಿಸುವವರ ಬಗ್ಗೆ ನನಗೆ ಸಹನೆಯಿಲ್ಲ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಆಸ್ಕಿ ಎಂದು ಡಿಕೋಡ್ ಮಾಡಿ ‘ಇಗ್ನೋರ್’ ಹಾಕಿದರೆ ಕನ್ನಡದ ಹೆಸರಿನಲ್ಲಿ ಉಳಿಯುವುದು ಖಾಲಿ ಜಾಗ.

ಸಿಎಸ್‌ವಿ ಕಡತದ ಬಗ್ಗೆ ಒಂದು ಮಾತು. 2ರಲ್ಲಿ ಅದನ್ನು ಬೈನರಿಯಾಗಿ ತೆರೆಯುವುದು ಸರಿಯಾದ ಕ್ರಮವಾಗಿತ್ತು. 3ರಲ್ಲಿ ಪಠ್ಯವಾಗಿ ತೆರೆಯಬೇಕು, ಜೊತೆಗೆ ‘ನ್ಯೂಲೈನ್’ ಖಾಲಿ ಎಂದು ಕೊಡಬೇಕು. ಎರಡನೆಯದನ್ನು ಮರೆತರೆ ವಿಂಡೋಸ್‌ನಲ್ಲಿ ಪ್ರತಿ ಸಾಲಿನ ನಂತರ ಒಂದು ಖಾಲಿ ಸಾಲು ಬರುತ್ತದೆ.

ಮೊತ್ತ ಹೊಂದದಿದ್ದರೆ

ಫ್ಯಾಟ್ ಅನ್ನು ಪೂರ್ಣಾಂಕವಾಗಿ ಇಟ್ಟಿದ್ದಾರೆ ಎನ್ನೋಣ: 3.5 ಎಂಬುದು 35. ಲೀಟರಿಗೆ ಮೂಲ ದರ 30 ರೂಪಾಯಿ. 35ರ ಮೇಲೆ ಪ್ರತಿ 2 ಅಂಶಕ್ಕೆ 40 ಪೈಸೆ ಹೆಚ್ಚು. ಫ್ಯಾಟ್ 38 ಬಂದರೆ (38 - 35) / 2. ಪೈಥಾನ್ 2ರಲ್ಲಿ ಇದರ ಉತ್ತರ 1, ದರ 30.40. ಪೈಥಾನ್ 3ರಲ್ಲಿ 1.5, ದರ 30.60. ಹತ್ತು ಲೀಟರಿಗೆ 2 ರೂಪಾಯಿ ವ್ಯತ್ಯಾಸ, ಸದಸ್ಯರ ಪರವಾಗಿ. ಹಾಗಾಗಿ ಯಾರೂ ದೂರು ಕೊಡುವುದಿಲ್ಲ. ಸಂಘದ ಕಾರ್ಯದರ್ಶಿಗೆ ತಿಳಿಯುವುದು ಲೆಕ್ಕಪರಿಶೋಧನೆಯಲ್ಲಿ.

ಸರಿಪಡಿಸಲು ಎರಡು ಓರೆಗೀಟಿನ ಭಾಗಾಕಾರ // ಹಾಕಿ. ಕೆಲವರು ಅದರ ಬದಲು ಒಂದು ಓರೆಗೀಟನ್ನೇ ಉಳಿಸಿ ಉತ್ತರಕ್ಕೆ ‘ಇಂಟ್’ ಸುತ್ತುತ್ತಾರೆ. 38ಕ್ಕೆ ಅದು ಸರಿ ಉತ್ತರ ಕೊಡುತ್ತದೆ, ಪರೀಕ್ಷೆ ಪಾಸಾಗುತ್ತದೆ. ಫ್ಯಾಟ್ 32 ಬಂದ ದಿನ ನೋಡಿ: (32 - 35) / 2 ಎಂಬುದು ಪೈಥಾನ್ 2ರಲ್ಲಿ -2, ಏಕೆಂದರೆ ಅದು ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. // ಕೂಡ -2 ಕೊಡುತ್ತದೆ. ‘ಇಂಟ್’ ಮಾತ್ರ -1.5 ಅನ್ನು ಸೊನ್ನೆಯ ಕಡೆಗೆ ಕತ್ತರಿಸಿ -1 ಮಾಡುತ್ತದೆ. ದರ 29.20 ಇರಬೇಕಾದಲ್ಲಿ 29.60. ಕಡಿಮೆ ಫ್ಯಾಟ್‌ನ ಹಾಲಿಗೆ ಮಾತ್ರ ಹೆಚ್ಚು ಹಣ ಹೋಗುವ ಈ ದೋಷವನ್ನು ಹಿಡಿಯುವುದು ಋಣ ಸಂಖ್ಯೆ ಇರುವ ಪರೀಕ್ಷೆಯಿಂದ ಮಾತ್ರ ಸಾಧ್ಯ.

ಕೋಡಿನಲ್ಲಿ ನೂರಾರು ಭಾಗಾಕಾರಗಳಿದ್ದರೆ ಎಲ್ಲವನ್ನೂ // ಮಾಡುವ ಯೋಚನೆ ಬೇಡ. ಲೀಟರುಗಳ ಮೇಲಿನ ಸರಾಸರಿಯೂ ಪೂರ್ಣಾಂಕವಾಗಿಬಿಡುತ್ತದೆ. ಪೈಥಾನ್ 2.7ರಲ್ಲೇ ‘ಕ್ಯೂ-ವಾರ್ನ್’ ಆಯ್ಕೆ ಹಾಕಿ ಓಡಿಸಿದರೆ ಎರಡು ಪೂರ್ಣಾಂಕಗಳು ಭಾಗವಾಗುವ ಪ್ರತಿ ಸಾಲನ್ನೂ ಅದು ತೋರಿಸುತ್ತದೆ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ತೀರ್ಮಾನಿಸಿ. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಭಾಗಾಕಾರ ಮುಗಿದ ಮೇಲೂ ಅಲ್ಲೊಂದು ಇಲ್ಲೊಂದು ಚೀಟಿಯಲ್ಲಿ ಸರಿಯಾಗಿ 1 ರೂಪಾಯಿ ಕಡಿಮೆ ಬರುತ್ತಿದ್ದರೆ ‘ರೌಂಡ್’ ನೋಡಿ. 212.50 ಅನ್ನು ರೂಪಾಯಿಗೆ ಸರಿಹೊಂದಿಸಿದರೆ 2ರಲ್ಲಿ 213, 3ರಲ್ಲಿ 212. ಆದರೆ 213.50 ಎರಡರಲ್ಲೂ 214. ಸರಿಯಾಗಿ ಅರ್ಧ ಬಂದಾಗ ಪೈಥಾನ್ 3 ಸಮಸಂಖ್ಯೆಯ ಕಡೆಗೆ ಹೋಗುತ್ತದೆ. ಬ್ಯಾಂಕರುಗಳ ಪದ್ಧತಿ ಎಂದು ಅದಕ್ಕೆ ಹೆಸರು. ಸಂಖ್ಯಾಶಾಸ್ತ್ರಕ್ಕೆ ಅದು ಒಳ್ಳೆಯದಿರಬಹುದು, ಐವತ್ತು ಪೈಸೆ ಬಂದರೆ ಮೇಲಕ್ಕೆ ಎಂಬ ನಿಯಮ ಗೊತ್ತಿರುವ ರೈತನಿಗೆ ಒಪ್ಪಿಸಲಾಗದು. ಹಣಕ್ಕೆ ‘ಡೆಸಿಮಲ್’ ಮಾಡ್ಯೂಲ್ ಬಳಸಿ, ಅರ್ಧವನ್ನು ಮೇಲಕ್ಕೆ ಒಯ್ಯುವ ‘ರೌಂಡ್ ಹಾಫ್ ಅಪ್’ ನಿಯಮವನ್ನು ಸ್ಪಷ್ಟವಾಗಿ ಬರೆಯಿರಿ. ಇನ್ನೊಂದು ಸಣ್ಣ ವ್ಯತ್ಯಾಸ: ದಶಾಂಶ ಸ್ಥಾನ ಹೇಳದೆ ರೌಂಡ್ ಮಾಡಿದರೆ ಪೈಥಾನ್ 2 ಕೊಡುತ್ತಿದ್ದುದು 213.0, ಪೈಥಾನ್ 3 ಕೊಡುವುದು ಪೂರ್ಣಾಂಕ. ಬ್ಯಾಂಕಿನ ಕಡತದಲ್ಲಿ ಚುಕ್ಕಿಯನ್ನು ನಿರೀಕ್ಷಿಸುವ ಪ್ರೋಗ್ರಾಂ ಆ ಕಡೆ ಇದ್ದರೆ ಅದು ತಿರಸ್ಕರಿಸುತ್ತದೆ.

ಕೆಲಸ ಆಗಿಲ್ಲ, ಎರರ್ ಕೂಡ ಇಲ್ಲ

ಚೀಟಿಯ ಮೇಲ್ಭಾಗದಲ್ಲಿ ಒಟ್ಟು ಮೊತ್ತ ಸರಿಯಾಗಿದೆ, ಕೆಳಗಿನ ಪಟ್ಟಿ ಖಾಲಿ. 3ರಲ್ಲಿ ‘ಮ್ಯಾಪ್’, ‘ಫಿಲ್ಟರ್’, ‘ಜಿಪ್’ ಪಟ್ಟಿ ಕೊಡುವುದಿಲ್ಲ. ಕೇಳಿದಾಗ ಒಂದೊಂದಾಗಿ ಕೊಡುವ ಇಟರೇಟರ್ ಕೊಡುತ್ತವೆ. ಮೊತ್ತ ಕೂಡುವಾಗ ಅದು ಖಾಲಿಯಾಯಿತು, ಪಟ್ಟಿ ಮುದ್ರಿಸುವಾಗ ಉಳಿದದ್ದೇನೂ ಇಲ್ಲ. ಇದಕ್ಕಿಂತ ಕೆಟ್ಟದ್ದು ಕೆಲವರ ಹಳೆಯ ಚಟ: ಪ್ರತಿ ದಾಖಲೆಯನ್ನೂ ಉಳಿಸಲು ‘ಫಾರ್’ ಬರೆಯದೆ ಮ್ಯಾಪ್‌ಗೆ ಉಳಿಸುವ ಫಂಕ್ಷನ್ ಕೊಟ್ಟು ಬಿಡುವುದು. 3ರಲ್ಲಿ ಆ ಸಾಲು ಓಡುತ್ತದೆ, ಒಂದೇ ಒಂದು ದಾಖಲೆಯೂ ಉಳಿಯುವುದಿಲ್ಲ. 2ಟು3 ಇಂಥ ಕಡೆ ‘ಲಿಸ್ಟ್’ ಸುತ್ತಿಬಿಡುತ್ತದೆ. ಕೈಯಿಂದ ತಿದ್ದಿದ ಕಡತಗಳಲ್ಲೇ ಇದು ಅಡಗಿರುವುದು.

ಚೀಟಿಗಳ ನಡುವಿನ ಖಾಲಿ ಸಾಲುಗಳು ಮಾಯವಾಗಿದ್ದರೆ ಬರೀ ‘ಪ್ರಿಂಟ್’ ಎಂದಷ್ಟೇ ಇರುವ ಸಾಲನ್ನು ಹುಡುಕಿ. 2ರಲ್ಲಿ ಅದು ಖಾಲಿ ಸಾಲು ಮುದ್ರಿಸುತ್ತಿತ್ತು. 3ರಲ್ಲಿ ಅದು ಫಂಕ್ಷನ್ನಿನ ಹೆಸರು ಹೇಳಿ ಸುಮ್ಮನಾಗುತ್ತದೆ.

ಒಬ್ಬನೇ ಸದಸ್ಯ ಎರಡು ಸಲ ಕಾಣಿಸಿಕೊಂಡರೆ ಸದಸ್ಯನ ಕ್ಲಾಸ್ ತೆರೆದು ನೋಡಿ. ಹೋಲಿಕೆಗೆಂದು ಅಡಿಗೆರೆಗಳ ನಡುವೆ ‘ಸಿಎಂಪಿ’ ಎಂಬ ಮೆಥಡ್ ಬರೆದಿದ್ದರೆ 3 ಅದನ್ನು ನೋಡುವುದೇ ಇಲ್ಲ. ಸಮವೇ ಎಂದು ಕೇಳಿದಾಗ ಅದೇ ವಸ್ತುವೇ ಎಂದು ಮಾತ್ರ ಪರಿಶೀಲಿಸಿ ಅಲ್ಲ ಎನ್ನುತ್ತದೆ. ‘ಈಕ್ಯೂ’ ಮೆಥಡ್ ಬರೆದುಕೊಡಬೇಕು; ಅದನ್ನು ಬರೆದ ಕೂಡಲೇ ಆ ವಸ್ತು ಡಿಕ್ಷನರಿಯ ಕೀಲಿಯಾಗಲು ನಿರಾಕರಿಸುತ್ತದೆ, ಆದ್ದರಿಂದ ‘ಹ್ಯಾಶ್’ ಮೆಥಡನ್ನೂ ಜೊತೆಗೇ ಬರೆಯಿರಿ. ‘ನಾನ್‌ಜೀರೋ’ ಮೆಥಡಿನದೂ ಇದೇ ಕಥೆ: 3ರಲ್ಲಿ ಅದರ ಹೆಸರು ‘ಬೂಲ್’, ಹಳೆಯ ಹೆಸರೇ ಉಳಿದಿದ್ದರೆ, ಉದ್ದ ಹೇಳುವ ಮೆಥಡ್ ಕೂಡ ಇಲ್ಲದ ಕ್ಲಾಸಿನಲ್ಲಿ, ಖಾಲಿ ಖಾತೆಯೂ ‘ನಿಜ’ ಎಂದೇ ಲೆಕ್ಕ.

ಕೆಲವು ದಿನ ಮಾತ್ರ ಬರುವ ದೋಷ

ಮೊದಲ ಬಟವಾಡೆ ಚೆನ್ನಾಗಿ ಆಗಿ ಎರಡನೆಯದರಲ್ಲಿ ‘ಟೈಪ್ ಎರರ್’ ಬಂದರೆ ಕೋಡನ್ನು ಬಿಟ್ಟು ದತ್ತಾಂಶ ನೋಡಿ. ಪೈಥಾನ್ 2 ಯಾವುದನ್ನು ಯಾವುದರ ಜೊತೆ ಬೇಕಾದರೂ ಹೋಲಿಸುತ್ತಿತ್ತು: ಬೆಲೆಯೇ ಇಲ್ಲ ಎಂದು ಹೇಳುವ ‘ನನ್’ ಎಲ್ಲ ಸಂಖ್ಯೆಗಿಂತ ಚಿಕ್ಕದು, ಯಾವ ಪಠ್ಯವೂ ಯಾವ ಸಂಖ್ಯೆಗಿಂತಲೂ ದೊಡ್ಡದು. ಫ್ಯಾಟ್ ದಾಖಲಾಗದ ಒಂದು ಸಾಲು ಇದ್ದರೂ ವಿಂಗಡಣೆ ನಡೆಯುತ್ತಿತ್ತು. 3 ಅಲ್ಲಿ ನಿಂತುಬಿಡುತ್ತದೆ. ಇಲ್ಲಿ ಪೈಥಾನ್ 3ರ ಪರವಾಗಿ ಮಾತನಾಡಬೇಕು. ಸಿಎಸ್‌ವಿಯಿಂದ ಬಂದ ಲೀಟರ್ ಪಠ್ಯವಾಗಿಯೇ ಉಳಿದಿದ್ದರೆ, ‘ಲೀಟರ್ ಸೊನ್ನೆಗಿಂತ ಹೆಚ್ಚೇ’ ಎಂಬ ತಪಾಸಣೆಗೆ ಪೈಥಾನ್ 2 ಪ್ರತಿ ಸಲವೂ ಹೌದು ಎನ್ನುತ್ತಿತ್ತು. ಅಂದರೆ ಆ ತಪಾಸಣೆ ಒಂದು ದಿನವೂ ಕೆಲಸ ಮಾಡಿರಲಿಲ್ಲ. ಎರರ್ ಬಂದ ಸಾಲನ್ನು ಹೇಗಾದರೂ ದಾಟಿಸುವ ಬದಲು ಖಾಲಿ ಫ್ಯಾಟ್‌ಗೆ ಸಂಘದ ನಿಯಮವೇನು ಎಂದು ಕಾರ್ಯದರ್ಶಿಯನ್ನು ಕೇಳಿ ಅದನ್ನೇ ಕೋಡಿನಲ್ಲಿ ಬರೆಯಿರಿ.

ಕೈಯಿಂದ ಓಡಿಸಿದರೆ ಸರಿ, ರಾತ್ರಿ ಕ್ರಾನ್‌ನಲ್ಲಿ ಕನ್ನಡ ಬರೆಯುವಾಗ ‘ಯೂನಿಕೋಡ್ ಎನ್‌ಕೋಡ್ ಎರರ್’ ಬರುತ್ತದೆ ಎಂದರೆ ಬಹುಮಟ್ಟಿಗೆ ನೀವು ಸೆಂಟ್‌ಒಎಸ್ 7ರ ಪೈಥಾನ್ 3.6ರಲ್ಲೇ ನಿಂತಿದ್ದೀರಿ. ಕ್ರಾನ್‌ನಲ್ಲಿ ಲೊಕೇಲ್ (ಯಾವ ಭಾಷೆ, ಯಾವ ಎನ್‌ಕೋಡಿಂಗ್ ಎಂದು ಹೇಳುವ ಹೊಂದಿಕೆ) ಸಿದ್ಧವಾಗಿರುವುದಿಲ್ಲ, 3.6 ಆಗ ಆಸ್ಕಿಗೆ ಬೀಳುತ್ತದೆ. 3.7ರಿಂದ ಅಂಥ ಕಡೆ ಯುಟಿಎಫ್-8 ಬಳಸುವಂತೆ ಬದಲಿಸಿದ್ದಾರೆ. ಮೇಲಕ್ಕೆ ಹೋಗಲು ಸಾಧ್ಯವಿಲ್ಲದಿದ್ದರೆ ಕ್ರಾನ್ ಕಡತದಲ್ಲೇ ಯುಟಿಎಫ್-8 ಲೊಕೇಲ್ ಬರೆಯಿರಿ.

ಓಡಿಸಿದಷ್ಟು ಸಲ ಬೇರೆ ಬೇರೆ ಉತ್ತರ ಬಂದರೆ ಪಠ್ಯವನ್ನು ಒಂದು ಸಂಖ್ಯೆಯಾಗಿಸುವ ‘ಹ್ಯಾಶ್’ ಫಂಕ್ಷನ್ನನ್ನು ಹುಡುಕಿ. ಪಠ್ಯದ ಹ್ಯಾಶ್ 3.3ರಿಂದ ಪ್ರತಿ ಓಟಕ್ಕೂ ಬದಲಾಗುತ್ತದೆ. ಹೆಸರಿನ ಹ್ಯಾಶ್ ನೋಡಿ ದಾಖಲೆಗಳನ್ನು 8 ಕಡತಗಳಲ್ಲಿ ಹಂಚಿದ್ದರೆ ನಿನ್ನೆ ಬರೆದದ್ದು ಇಂದು ಸಿಗುವುದಿಲ್ಲ. ಬದಲಿಗೆ ಪ್ರತಿ ಓಟಕ್ಕೂ ಅದೇ ಸಂಖ್ಯೆ ಕೊಡುವ ‘ಸಿಆರ್‌ಸಿ32’ ಬಳಸಬಹುದು, ಆದರೆ ಅದು 2ರಲ್ಲಿ ಋಣ ಸಂಖ್ಯೆಯನ್ನೂ ಕೊಡುತ್ತಿತ್ತು, 3ರಲ್ಲಿ ಯಾವಾಗಲೂ ಧನ. ಹಳೆಯ ಸಂಖ್ಯೆಗಳನ್ನು ಡೇಟಾಬೇಸಿನಲ್ಲಿ ಉಳಿಸಿದ್ದರೆ 32 ಬಿಟ್‌ನ ಮುಖವಾಡ ಹಾಕಿ ಹೋಲಿಸಬೇಕು.

ಪಿಕಲ್ ಕಡತಗಳು

ಹಳೆಯ ಯಂತ್ರದಲ್ಲಿ ಪಿಕಲ್ ಮಾಡಿಟ್ಟ (ಪೈಥಾನ್ ತನ್ನದೇ ರೂಪದಲ್ಲಿ ಕಡತಕ್ಕೆ ಉಳಿಸಿದ) ದತ್ತಾಂಶವನ್ನು 3ರಲ್ಲಿ ತೆರೆದರೆ ಅದು ಹಳೆಯ ಸ್ಟ್ರಿಂಗ್‌ಗಳನ್ನು ಆಸ್ಕಿ ಎಂದು ಭಾವಿಸಿ ಮೊದಲ ಕನ್ನಡ ಹೆಸರಿಗೇ ಮುಗ್ಗರಿಸುತ್ತದೆ. ಎನ್‌ಕೋಡಿಂಗ್ ಜಾಗದಲ್ಲಿ ‘ಬೈಟ್ಸ್’ ಎಂದು ಕೊಟ್ಟು ತೆರೆದು, ಹೆಸರುಗಳನ್ನು ಆಮೇಲೆ ನೀವೇ ಡಿಕೋಡ್ ಮಾಡಿಕೊಳ್ಳಬಹುದು. ಆದರೆ ಒಳಗೆ ನಿಮ್ಮದೇ ಕ್ಲಾಸುಗಳಿದ್ದರೆ ಗೋಜಲು ಹೆಚ್ಚುತ್ತದೆ. ಹಳೆಯ ಯಂತ್ರ ಇನ್ನೂ ಏಳುತ್ತಿರುವಾಗಲೇ ಪೈಥಾನ್ 2ರಿಂದ ಎಲ್ಲವನ್ನೂ ಜೇಸನ್ ಎಂಬ ಸರಳ ಪಠ್ಯ ರೂಪದಲ್ಲಿ ಬರೆದಿಟ್ಟುಕೊಳ್ಳುವುದೇ ಉತ್ತಮ.

3ರೊಳಗಿನ ಮೆಟ್ಟಿಲುಗಳು

2.7ರಿಂದ ನೇರವಾಗಿ ಇತ್ತೀಚಿನ ಆವೃತ್ತಿಗೆ ಹಾರಿದರೆ ಎರಡು ಬಗೆಯ ದೋಷಗಳು ಒಟ್ಟಿಗೆ ಮೇಲೆ ಬೀಳುತ್ತವೆ, ಯಾವುದು ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ. ‘ಅಸಿಂಕ್’ ಎಂಬ ಹೆಸರನ್ನು 3.7ರಿಂದ ವೇರಿಯಬಲ್‌ಗೆ ಇಡುವಂತಿಲ್ಲ. ಸಮಯ ಅಳೆಯುವ ‘ಕ್ಲಾಕ್’ 3.8ರಲ್ಲಿ ಹೋಯಿತು. ‘ಕಲೆಕ್ಷನ್ಸ್’ನಿಂದ ‘ಮ್ಯಾಪಿಂಗ್’ ಮುಂತಾದವನ್ನು ನೇರವಾಗಿ ತರುವುದು 3.10ಕ್ಕೆ ನಿಂತಿತು. ‘ಡಿಸ್ಟ್‌ಯುಟಿಲ್ಸ್’, ‘ಅಸಿಂಕೋರ್’, ‘ಐಎಂಪಿ’ 3.12ರಲ್ಲಿ, ‘ಸಿಜಿಐ’, ‘ಟೆಲ್‌ನೆಟ್‌ಲಿಬ್’ 3.13ರಲ್ಲಿ ಹೊರಹೋದವು. ಹಳೆಯ ಲೈಬ್ರರಿಗಳು ಇವುಗಳಲ್ಲಿ ಒಂದನ್ನಾದರೂ ಹಿಡಿದುಕೊಂಡಿರುತ್ತವೆ.

ನಾನು ಹಿಡಿಯುವ ದಾರಿ: ಪರೀಕ್ಷಾ ಯಂತ್ರದಲ್ಲಿ ಮಾತ್ರ 3.9 ಹಾಕಿಕೊಂಡು ಮೇಲಿನದ್ದೆಲ್ಲವನ್ನೂ ಅಲ್ಲಿ ಮುಗಿಸುವುದು. ‘-ಬಿಬಿ’ ಜೊತೆಗೆ ಎಚ್ಚರಿಕೆಗಳನ್ನೆಲ್ಲ ಎರರ್ ಆಗಿಸುವ ಆಯ್ಕೆಯನ್ನೂ ಹಾಕಿ, ಎತ್ತಿಟ್ಟ ಬಟವಾಡೆಗಳೆಲ್ಲ ಒಂದು ಪೈಸೆಯೂ ಬದಲಾಗದೆ ಬರುವವರೆಗೆ ಅಲ್ಲೇ ಇರುವುದು. ಭಾಗಾಕಾರ, ರೌಂಡ್, ಖಾಲಿ ಫ್ಯಾಟ್ ಇವುಗಳಲ್ಲಿ ಬೇಕೆಂದೇ ಬದಲಿಸಿದ್ದು ಏನಾದರೂ ಇದ್ದರೆ ಆ ಸಾಲುಗಳನ್ನು ಪಟ್ಟಿ ಮಾಡಿ ಕಾರ್ಯದರ್ಶಿಯ ಸಹಿ ಪಡೆಯುವುದು. ಅದಾದ ಮೇಲೆ 3.12, ಅಲ್ಲಿಂದ ಸದ್ಯ ಬೆಂಬಲವಿರುವ ಇತ್ತೀಚಿನ ಆವೃತ್ತಿ; ಪ್ರತಿ ಮೆಟ್ಟಿಲಲ್ಲೂ ಅದೇ ಹೋಲಿಕೆಯ ಸ್ಕ್ರಿಪ್ಟ್. 3.9ರಲ್ಲಿ ಹೊಂದಿದ ಮೊತ್ತ 3.12ರಲ್ಲಿ ಹೊಂದದಿದ್ದರೆ ಅದು ಲೈಬ್ರರಿಯಿಂದ ಇಲ್ಲವೇ 3ರೊಳಗಿನ ಬದಲಾವಣೆಯಿಂದ ಬಂದದ್ದು ಎಂದು ಬಹುತೇಕ ಧೈರ್ಯವಾಗಿ ಹೇಳಬಹುದು, ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಿ.